ಎಡಗಡೆಯ ದನಿ

ಎದ್ದ ಕೂಡಲೇ ಬಲಗಣ್ಣನ್ನು ಅಂಗೈಯಲ್ಲಿ ಮುಚ್ಚಿ ಎಡಗಣ್ಣಿನಿಂದ ಚಾವಣಿ ನೋಡುವುದು ಇವಾಸೆಗೆ ಈಚೆಗೆ ರೂಢಿಯಾಗಿಬಿಟ್ಟಿತ್ತು. ಚಾವಣಿಯ ಹಲಗೆಯ ಮೇಲೆ ಎಂದೋ ಸೋರಿದ ನೀರಿನ ಕಂದು ಕಲೆಯೊಂದಿತ್ತು. ಬೇಸಿಗೆಯಲ್ಲಿ ಆ ಕಲೆ ಪೂರ್ತಿ ಕಾಣುತ್ತಿತ್ತು. ಮರಗಳು ಕೆಂಪಾಗುವ ಹೊತ್ತಿಗೆ ಅದರ ಎಡ ಅಂಚು ಇಲ್ಲವಾಯಿತು. ಇವತ್ತು ಬೆಳಿಗ್ಗೆ ಅರ್ಧ ಕಲೆಯನ್ನು ಕಪ್ಪು ನುಂಗಿಹಾಕಿತ್ತು. ಯಾರೋ ಆ ಕಡೆ ಕೂತು, ಇವನಿಗೆ ಗೊತ್ತಾಗಬಾರದೆಂದು, ದಿನಕ್ಕಿಷ್ಟು ಪರದೆ ಎಳೆಯುತ್ತಿದ್ದ ಹಾಗಿತ್ತು. ಉಳಿದ ಬೆಳಕಿನಲ್ಲಿ ಸಣ್ಣ ಕಪ್ಪು ಚುಕ್ಕೆಗಳು ನೊಣಗಳಂತೆ ಹಾರಾಡುತ್ತಿದ್ದವು. ಬಾಕ್ಸಿಂಗಿನಲ್ಲಿ ಅವನ ತೂಕದವರಿಗೆ ನೊಣದ ಹೆಸರನ್ನೇ ಇಟ್ಟಿದ್ದಾರೆ, ಹಗುರ, ಚುರುಕು, ಕೈಗೆ ಸಿಗುವುದಿಲ್ಲ ಎಂದು. ನೊಣದ ಕಣ್ಣಲ್ಲೂ ನೊಣವೇ ಎಂದು ನಗಲು ಹೋದ. ನಿನ್ನೆ ಮಧ್ಯಾಹ್ನದಿಂದ ನೀರು ಮುಟ್ಟದ ತುಟಿ ಬಿರಿದು ಉರಿಯಿತು. ಇವತ್ತು ಬೆಳಿಗ್ಗೆ ತೂಕ, ಸಂಜೆ ಪಂದ್ಯ. ಗೆದ್ದವನಿಗೆ ದೇಶದ ಚಾಂಪಿಯನ್ನನ ಎದುರು ನಿಲ್ಲುವ ಹಕ್ಕು. ಹನ್ನೊಂದು ವರ್ಷ ಬಡಿದಾಡಿ, ಹೊಡೆಸಿಕೊಂಡು, ಇವಾಸೆ ಆ ಬಾಗಿಲಿನವರೆಗೆ ಬಂದು ನಿಂತಿದ್ದ. ಅಷ್ಟರಲ್ಲಿ ಈ ಪರದೆ.

ಅಡುಗೆ ಮೂಲೆಯಲ್ಲಿ ಕಿನುಯೊ ನಲ್ಲಿಯನ್ನು ಎಷ್ಟು ಸಣ್ಣಗೆ ತಿರುಗಿಸಿದ್ದಳೆಂದರೆ ನೀರು ಬೀಳುವ ಸದ್ದೇ ಇರಲಿಲ್ಲ. ಗಂಡ ಬಾಯಾರಿ ಮಲಗಿರುವಾಗ ನೀರಿನ ಸದ್ದು ಕೇಳಿಸುವುದು ಪಾಪವೆಂದು ಅವಳ ಲೆಕ್ಕ. ಹತ್ತು ದಿನಗಳಿಂದ ಅವಳು ಮನೆಯಲ್ಲಿ ವಾಸನೆ ಬರುವಂಥದ್ದೇನನ್ನೂ ಬೇಯಿಸಿರಲಿಲ್ಲ, ತಣ್ಣನೆಯ ಅನ್ನವನ್ನು ಗೋಡೆಯ ಕಡೆ ಮುಖ ಮಾಡಿ ನಿಂತೇ ತಿನ್ನುತ್ತಿದ್ದಳು. ಮದುವೆಯಾದಾಗಿನಿಂದ ಪ್ರತಿ ಪಂದ್ಯಕ್ಕೂ ಹೀಗೇ. ಆದರೆ ಈ ಸಲ ಅವಳ ಬೆನ್ನಿನಲ್ಲಿ ಬೇರೆ ಏನೋ ಇತ್ತು, ಅದನ್ನು ಇವಾಸೆ ಬಲಗಣ್ಣಿನಿಂದ ನೋಡಬಲ್ಲವನಾಗಿದ್ದ. ಅವಳಿಗೆ ವಿಷಯ ಗೊತ್ತಾದದ್ದು ಚಪ್ಪಲಿಯಿಂದ. ಯಾರ ಪರಿಚಯವೂ ಇಲ್ಲದ ಕೋಬೆ ನಗರದ ಕಣ್ಣಿನ ಡಾಕ್ಟರೊಬ್ಬರ ಬಳಿ ಹೋಗಿ ಅವನು ಸುಳ್ಳು ಹೆಸರು ಹೇಳಿದ್ದ. ಅವರು ದೀಪ ಹಿಡಿದು ಬಹಳ ಹೊತ್ತು ನೋಡಿದರು. ಕಣ್ಣಿನ ಒಳಗೋಡೆಯ ಪದರ ಬಿಟ್ಟುಕೊಳ್ಳುತ್ತಿದೆ, ಇವತ್ತೇ ಇಲ್ಲೇ ಮಲಗಬೇಕು, ಆಪರೇಷನ್ ಆಗಬೇಕು, ಅಂದರು. ಇನ್ನೊಂದು ಪೆಟ್ಟು ಬಿದ್ದರೆ ಪೂರ್ತಿ ಹೋಗಬಹುದು, ಅಂದರು. ಆಮೇಲೆ ತಲೆ ಎತ್ತಿ ಅವನ ಚಪ್ಪಟೆ ಮೂಗು, ಹುಬ್ಬಿನ ಹೊಲಿಗೆ ನೋಡಿ, ನೀವೇನು ಕೆಲಸ ಮಾಡೋದು, ಎಂದು ಕೇಳಿದರು. ಈ ಕಣ್ಣಿನ ಸುದ್ದಿ ಬಾಕ್ಸಿಂಗ್ ಸಂಸ್ಥೆಗೆ ಮುಟ್ಟಿದರೆ ಅವನ ಲೈಸೆನ್ಸ್ ಅವತ್ತೇ ರದ್ದು. ಆಪರೇಷನ್ ಆಗಿ ವಾಸಿಯಾದ ಕಣ್ಣಿಗೂ ಆಗಿನ ಕಾಲದಲ್ಲಿ ರಿಂಗಿನಲ್ಲಿ ಜಾಗವಿರಲಿಲ್ಲ. ಶೌಚಕ್ಕೆ ಹೋಗಿ ಬರುತ್ತೇನೆಂದು ಎದ್ದವನು ಸೀದಾ ಸ್ಟೇಷನ್ನಿಗೆ ನಡೆದ. ರೈಲಿನಲ್ಲಿ ಎದುರಿಗೆ ಕೂತ ಹೆಂಗಸು ಅವನ ಕಾಲನ್ನೇ ನೋಡುತ್ತಿದ್ದಳು. ಬಗ್ಗಿ ನೋಡಿದರೆ ಆಸ್ಪತ್ರೆಯ ಹಸಿರು ಚಪ್ಪಲಿ, ಮೇಲೆ ಚಿನ್ನದ ಬಣ್ಣದಲ್ಲಿ ಅದರ ಹೆಸರು. ಒಳಗೆ ಹೋಗುವಾಗ ಕಳಚಿಟ್ಟ ಅವನ ಬೂಟುಗಳು ಅಲ್ಲೇ ಗೂಡಿನಲ್ಲಿ ಉಳಿದಿದ್ದವು. ಸಂಜೆ ಕಿನುಯೊ ಹೊಸಿಲ ಬಳಿ ಆ ಚಪ್ಪಲಿಗಳನ್ನು ಜೋಡಿಸಿ ಇಟ್ಟು ಅವುಗಳ ಎದುರು ಕೂತೇ ಇದ್ದಳು, ಯಾರೋ ಅತಿಥಿ ಬಂದು ಒಳಗೆ ಕೂತಿರುವ ಹಾಗೆ.

ಕಣ್ಣಿನ ಪರೀಕ್ಷೆಯ ಪಟವನ್ನು ಬಾಯಿಪಾಠ ಮಾಡುವ ಉಪಾಯ ಅವಳದೇ. ಅದರಲ್ಲಿ ಅಕ್ಷರಗಳಿರುವುದಿಲ್ಲ, ಸಾಲು ಸಾಲಾಗಿ ಬಾಯಿ ತೆರೆದ ಬಳೆಗಳಿರುತ್ತವೆ. ಬಾಯಿ ಯಾವ ಕಡೆಗಿದೆ, ಮೇಲಕ್ಕೋ ಕೆಳಕ್ಕೋ ಎಡಕ್ಕೋ ಬಲಕ್ಕೋ, ಅಷ್ಟು ಹೇಳಿದರಾಯಿತು. ಪೇಟೆಯ ಕನ್ನಡಕದ ಅಂಗಡಿಯಲ್ಲೂ ಅದೇ ಪಟ. ಕಿನುಯೊ ಅಲ್ಲಿಗೆ ಕನ್ನಡಕ ಕೊಳ್ಳುವವಳ ಹಾಗೆ ಹೋಗಿ, ದಿನಕ್ಕೊಂದು ಸಾಲು ನೆನಪಿಟ್ಟುಕೊಂಡು ಬಂದಳು. ಅವಳ ಕೆಲಸ ಮಾರುಕಟ್ಟೆಯಲ್ಲಿ ಚಿಕುವಾ ಮಾಡುವ ಮನೆಯಲ್ಲಿ. ಮೀನನ್ನು ರುಬ್ಬಿ, ಕೋಲಿಗೆ ಮೆತ್ತಿ ಸುಟ್ಟು, ಕೋಲು ಎಳೆದರೆ ಉಳಿಯುವ ಕೊಳವೆ ಅದು, ಹೆಚ್ಚಿದರೆ ಬಳೆಬಳೆಯಾಗಿ ಬರುತ್ತದೆ. ಅವಳು ಮುರುಕು ಚಿಕುವಾಗಳನ್ನು ತಂದು, ಹೆಚ್ಚಿ, ಪ್ರತಿ ಬಳೆಗೂ ಚಾಕುವಿನಿಂದ ಒಂದೊಂದು ಬಾಯಿ ಕೊಯ್ದು, ತಟ್ಟೆಯಲ್ಲಿ ಸಾಲಾಗಿ ಜೋಡಿಸಿದಳು. ಇವಾಸೆ ಅದನ್ನು ಹೊಡೆತಗಳ ವರಸೆಯ ಹಾಗೆ ಕಲಿತ: ಬಲ, ಮೇಲೆ, ಎಡ, ಎಡ, ಕೆಳಗೆ. ಮೊದಲ ದಿನ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಾಠ ಮುಗಿದ ಮೇಲೆ, ತೂಕ ಇಳಿಸುತ್ತಿದ್ದ ಅವನು ತಿನ್ನುವ ಹಾಗಿಲ್ಲವಾದ್ದರಿಂದ, ಅವಳೇ ಆ ಬಳೆಗಳನ್ನೆಲ್ಲ ಒಂದೊಂದಾಗಿ ತಿಂದಳು. ದಿನ ಕಳೆದಂತೆ ನಗು ನಿಂತಿತು, ತಿನ್ನುವುದು ಮಾತ್ರ ಉಳಿಯಿತು. ಕೊನೆಕೊನೆಗೆ ಅವಳು ಔಷಧಿ ನುಂಗುವಂತೆ ನುಂಗುತ್ತಿದ್ದಳು.

“ಇವತ್ತು ನಾನೂ ಬರ್ತೀನಿ ರೀ,” ಎಂದಳು ಕಿನುಯೊ, ಗೋಡೆಗೆ ಹೇಳುವಂತೆ. ಅವಳು ಒಂದು ಪಂದ್ಯವನ್ನೂ ನೋಡಿದವಳಲ್ಲ.

“ಬೇಡ. ಗೆದ್ದು ಬಂದು ಹೇಳ್ತೀನಲ್ಲ.”

“ಗೆಲ್ಲೋದಕ್ಕಲ್ಲ,” ಎಂದವಳು ಅವನ ಬೂಟುಗಳನ್ನು, ಅಂದರೆ ಹೊಸ ಬೂಟುಗಳನ್ನು, ಮುಂದಕ್ಕೆ ತಿರುಗಿಸಿ ಇಟ್ಟಳು.

ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಅವನು ಕೆಲಸ ಮಾಡುವ ಮದ್ಯದಂಗಡಿ. ಗಾಜಿನ ಮೇಲೆ ಪಂದ್ಯದ ಪೋಸ್ಟರು. ಮೇಲೆ ಎದುರಾಳಿ ಹಿಗಾಕಿಯ ಮುಖ ದೊಡ್ಡದಾಗಿ, ಕೆಳಗೆ ಮೂಲೆಯಲ್ಲಿ ಇವಾಸೆ, ಏಳು ವರ್ಷ ಹಿಂದಿನ ಫೋಟೋದಲ್ಲಿ. ಹಿಗಾಕಿಗೆ ಇಪ್ಪತ್ತೊಂದು, ಒಂದೂ ಸೋತವನಲ್ಲ. ಅವನನ್ನು ಮೇಲೇರಿಸಲು ಬೇಕಾದ ಮೆಟ್ಟಿಲು ಇವಾಸೆ ಎಂಬುದು ಪೋಸ್ಟರು ಅಂಟಿಸಿದವನಿಗೂ ಗೊತ್ತಿತ್ತು. ಅಂಗಡಿಯ ಯಜಮಾನ, ತೋಫು ಮಾರುವ ಹೆಂಗಸು, ಕ್ಷೌರಿಕ, ಎಲ್ಲರೂ ಅವನ ಕೈಯಿಂದಲೇ ಟಿಕೆಟ್ಟು ತೆಗೆದುಕೊಂಡವರು. ಟಿಕೆಟ್ಟು ಮಾರುವುದು ಅಷ್ಟು ಕಷ್ಟವಲ್ಲ. ಪಂದ್ಯದ ಮರುದಿನ ಊದಿದ ಮುಖ ಹೊತ್ತು ಅವರ ಮನೆಮನೆಗೂ ಹೋಗಿ ತಲೆಬಾಗಬೇಕು, ಅದು ಕಷ್ಟ. ಗೆದ್ದಾಗ ಅವರು ಬಾಗಿಲಿಗೆ ಬರುತ್ತಾರೆ, ಸೋತಾಗ ಒಳಗೆ ಕರೆದು ಚಹಾ ಕೊಡುತ್ತಾರೆ. ಆ ಚಹಾ ಅವನಿಗೆ ಗಂಟಲಲ್ಲಿ ಇಳಿದದ್ದೇ ಇಲ್ಲ. ಹೋದ ತಿಂಗಳು ಸೈಕಲ್ಲಿನಲ್ಲಿ ಬಿಯರಿನ ಪೆಟ್ಟಿಗೆ ಹೇರಿಕೊಂಡು ಹೋಗುತ್ತಿದ್ದವನು ಎಡಗಡೆಯ ದೀಪದ ಕಂಬಕ್ಕೆ ನೇರವಾಗಿ ಗುದ್ದಿದ್ದ. ರಸ್ತೆ ತುಂಬ ನೊರೆ, ಗಾಜು. ಪಾಪ, ಹಸಿವು, ತಲೆ ತಿರುಗಿರಬೇಕು, ಎಂದು ಯಜಮಾನ ತಾನೇ ಪೊರಕೆ ಹಿಡಿದ. ಇವಾಸೆ ಹೌದೆಂದು ತಲೆ ಆಡಿಸಿದ. ಒಂದು ಸುಳ್ಳು ಹೇಳಿದವನಿಗೆ ಉಳಿದ ಸುಳ್ಳುಗಳನ್ನು ಊರವರೇ ಒದಗಿಸುತ್ತಾರೆ. ಇವತ್ತು ಯಜಮಾನ ಹೊರಗೆ ಬಂದು ಹೊಸ ವರ್ಷಕ್ಕೆ ಗಿರಾಕಿಗಳಿಗೆ ಹಂಚುವ ಬಿಳಿ ಟವೆಲೊಂದನ್ನು ಅವನ ಕೈಗಿತ್ತ, ನೀಲಿ ಅಕ್ಷರದಲ್ಲಿ ಅಂಗಡಿಯ ಹೆಸರಿದ್ದದ್ದು. ಮೂಲೆಯಲ್ಲಿ ಇದನ್ನೇ ಬಳಸು, ಟೀವಿಯಲ್ಲಿ ಒಂದು ಸಲವಾದರೂ ಕಾಣಲಿ, ಎಂದು ನಕ್ಕ.

ತೂಕದ ಕೋಣೆಯಲ್ಲಿ ದೊಬಾಶಿ ಆಗಲೇ ಬಂದು ಕಾಯುತ್ತಿದ್ದರು. ರೈಲು ಸೇತುವೆಯ ಕೆಳಗೆ, ಕಮಾನಿನೊಳಗೆ ಅವರ ಗರಡಿ. ಇವಾಸೆ ಮೀನುಗಾರರ ಊರಿನಿಂದ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಓಡಿಬಂದಾಗ ಅಲ್ಲೇ ಚಾಪೆ ಹಾಸಿಕೊಟ್ಟವರು. ಗರಡಿಯ ಗೋಡೆಯ ನಡುವೆ ಅವರು ತಮ್ಮ ಹರೆಯದಲ್ಲೇ ಒಂದು ದೊಡ್ಡ ಮೊಳೆ ಹೊಡೆದಿದ್ದರು, ಚಾಂಪಿಯನ್ನನ ಸೊಂಟಪಟ್ಟಿ ನೇತುಹಾಕಲು. ಪಟ್ಟಿ ಅವರಿಗೆ ಬರಲಿಲ್ಲ, ಅವರು ಬೆಳೆಸಿದ ಯಾರಿಗೂ ಬರಲಿಲ್ಲ. ಮೊಳೆಗೆ ಈಗ ನೊಣ ಹೊಡೆಯುವ ಬಲೆ ನೇತುಬಿದ್ದಿರುತ್ತಿತ್ತು. ಇವಾಸೆ ಬಟ್ಟೆ ಕಳಚಿ ತಕ್ಕಡಿ ಹತ್ತಿದ. ಮುಳ್ಳು ನಡುಗಿ ನಿಂತಿತು, ತೂಕ ಸರಿಯಾಗಿತ್ತು. ಪಕ್ಕದಲ್ಲಿ ಹಿಗಾಕಿ ತನ್ನ ಒಣ ತುಟಿ ನೆಕ್ಕಿಕೊಳ್ಳುತ್ತ ಆಳವಾಗಿ ಬಾಗಿದ. ತಾನು ಶಾಲೆಯಲ್ಲಿದ್ದಾಗ ಇವರ ಪಂದ್ಯ ನೋಡಿಯೇ ಗ್ಲೌಸು ಹಾಕಿದ್ದು, ಇವರ ಎದುರು ನಿಲ್ಲುವುದು ತನ್ನ ಪುಣ್ಯ, ಎಂದ. ಅದರಲ್ಲಿ ಚೂರೂ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಇವಾಸೆಗೆ ಅಷ್ಟು ನೋವಾಗುತ್ತಿರಲಿಲ್ಲ.

ಆಮೇಲೆ ಕಣ್ಣು. ವಯಸ್ಸಾದ ಡಾಕ್ಟರು ಕೈಯಲ್ಲೊಂದು ಬಿದಿರ ಕೋಲು ಹಿಡಿದು ಪಟದ ಪಕ್ಕ ನಿಂತರು. ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಹೇಳಿದ್ದು ಸುಲಭವಾಯಿತು. ಬಲಗಣ್ಣನ್ನು ಸೌಟಿನಂಥ ಕಪ್ಪು ಮುಚ್ಚಳದಿಂದ ಮುಚ್ಚಿಕೊಂಡಾಗ ಪಟ ಬೂದಿಯ ಮುದ್ದೆಯಾಯಿತು. ಬಳೆಗಳಿಲ್ಲ, ಸಾಲುಗಳಿಲ್ಲ, ಕೋಲಿನ ನೆರಳು ಮಾತ್ರ ಎಲ್ಲೋ ಅಲ್ಲಾಡುತ್ತಿತ್ತು. ಅವನಿಗೆ ತಟ್ಟೆ ನೆನಪಾಯಿತು, ಸುಟ್ಟ ಮೀನಿನ ವಾಸನೆ ನೆನಪಾಯಿತು, ಬಳೆ ಜೋಡಿಸುವ ಕಿನುಯೊಳ ಬೆರಳು ನೆನಪಾಯಿತು. ಬಲ, ಎಂದ. ಮೇಲೆ. ಎಡ. ಎಡ. ಕೆಳಗೆ. ವರಸೆ ಒಮ್ಮೆ ಮೈಗೆ ಹತ್ತಿದ ಮೇಲೆ ನಡುವೆ ನಿಲ್ಲಿಸಲು ಬಾಕ್ಸರನಿಗೆ ಬರುವುದಿಲ್ಲ. ಒಂದು ಹೊಡೆತ ಮುಂದಿನದನ್ನು ಎಳೆದುಕೊಂಡು ಬರುತ್ತದೆ. ಕೊನೆಯ ಸಾಲಿನಲ್ಲಿ ಅವನು ಕೋಲಿಗಿಂತ ಮುಂದೆ ಹೋಗಿಬಿಟ್ಟ. ಡಾಕ್ಟರು ಕೋಲನ್ನು ಎತ್ತುವಷ್ಟರಲ್ಲಿ ಉತ್ತರ ಬಂದಾಗಿತ್ತು.

“ಪರವಾಗಿಲ್ವೇ,” ಡಾಕ್ಟರು ನಕ್ಕರು. “ನನ್ನ ಕೋಲಿಗಿಂತ ನಿಮ್ಮ ಕಣ್ಣೇ ಮುಂದೆ ಓಡ್ತಿದೆಯಲ್ಲ.”

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಡಾಕ್ಟರುಗಳ ತಮಾಷೆಗೆ ಯಾವಾಗಲೂ ನಗುವ ದೊಬಾಶಿ ಇವತ್ತು ನಗಲಿಲ್ಲ. ಅವರು ಪಟವನ್ನು ನೋಡಿದರು, ಕೋಲನ್ನು ನೋಡಿದರು, ಆಮೇಲೆ ಬಹಳ ಹೊತ್ತು ನೆಲ ನೋಡಿದರು.

ತೂಕ ಮುಗಿದ ಮೇಲೆ ಸ್ಟೇಷನ್ನಿನ ಕೆಳಗಿನ ಸಣ್ಣ ಹೋಟೆಲಿನಲ್ಲಿ ಗಂಜಿ ಕುಡಿಯುವುದು ಅವರಿಬ್ಬರ ಹಳೆಯ ಪದ್ಧತಿ. ಮೊದಲ ಗುಟುಕು ನೀರು ಗಂಟಲಿಗಿಳಿದಾಗ ಇವಾಸೆಗೆ ಎಂದಿನಂತೆ ಅಳು ಬಂದಹಾಗಾಯಿತು. ಎಷ್ಟೇ ದೊಡ್ಡವನಾಗಲಿ, ಒಂದು ಲೋಟ ನೀರು ಮನುಷ್ಯನನ್ನು ಮಗು ಮಾಡಿಬಿಡುತ್ತದೆ. ಗಂಜಿ ಬಂತು. ಅವನು ತಲೆ ಬಗ್ಗಿಸಿ ಸಣ್ಣ ಸಣ್ಣ ಗುಟುಕಾಗಿ ಕುಡಿಯುತ್ತಿದ್ದ. ದೊಬಾಶಿ ಏನನ್ನೂ ತಿನ್ನದೆ ಎದುರಿಗೆ ಕೂತಿದ್ದರು. ಉಪ್ಪಿನಕಾಯಿ ಬೇಡವಾ, ಎಂದು ಕೇಳಿದರು. ಈ ಸಲ ತಂದಿಟ್ಟ ಹಾಗೆ ಕಾಣಲಿಲ್ಲ, ಎಂದ ಇವಾಸೆ. ದೊಬಾಶಿ ಕೈ ಚಾಚಿದರು. ಮೇಜಿನ ಎಡಗಡೆಯಿಂದ, ಏನೂ ಇಲ್ಲದ ಜಾಗದಿಂದ, ಉಪ್ಪಿನಲ್ಲಿ ಹಾಕಿಟ್ಟ ಕೆಂಪು ಹುಳಿಹಣ್ಣಿದ್ದ ಪುಟ್ಟ ತಟ್ಟೆಯೊಂದು ಅವರ ಬೆರಳ ತುದಿಯಲ್ಲಿ ಜಾರುತ್ತ ಬೆಳಕಿಗೆ ಬಂತು, ಬಂದು ಬಟ್ಟಲಿನ ಎದುರು ನಿಂತಿತು. ಅದನ್ನು ಅಲ್ಲಿ ಇಟ್ಟವರೂ ಅವರೇ. ಇವಾಸೆಯ ಕೈಯ ಚಮಚ ಅಲ್ಲೇ ನಿಂತಿತು.

“ಏನಾದ್ರೂ ಹೇಳೋದಿದ್ರೆ ಈಗ್ಲೇ ಹೇಳು,” ಎಂದರು ದೊಬಾಶಿ. “ಆಮೇಲೆ ನಾನೂ ಕೇಳಲ್ಲ.”

ಹೇಳಬೇಕಿತ್ತು. ಹುಳಿಹಣ್ಣು ಅಷ್ಟು ಕೆಂಪಗೆ ಕಣ್ಣೆದುರು ಕೂತಿತ್ತು. ತಂದೆಯ ಮುಖ ಸರಿಯಾಗಿ ನೆನಪಿಲ್ಲದವನಿಗೆ ತಂದೆ ಎಂದರೆ ಈ ಬೋಳುತಲೆಯೇ, ಈ ಮುರಿದ ಗೆಣ್ಣುಗಳೇ. ಇವರ ಕಣ್ಣಿಗೆ ಮಣ್ಣೆರಚಿ ಎಷ್ಟು ತಿಂಗಳಾಯಿತು. ಅಭ್ಯಾಸದಲ್ಲಿ ತಲೆಯನ್ನು ಯಾಕೋ ಎಡಕ್ಕೆ ತಿರುಗಿಸಿಯೇ ಇಟ್ಟುಕೊಳ್ಳುತ್ತೀಯಲ್ಲ, ಕತ್ತು ಉಳುಕಿದೆಯೇನೋ, ಎಂದು ಅವರು ತಾವೇ ಎಣ್ಣೆ ಹಚ್ಚಿ ಕತ್ತು ತಿಕ್ಕಿದ್ದರು, ಅವನು ಕಣ್ಣು ಮುಚ್ಚಿಕೊಂಡು ತಿಕ್ಕಿಸಿಕೊಂಡಿದ್ದ. ಹೇಳಿದರೆ ಏನಾಗುತ್ತದೆ? ಈ ಗಂಜಿಯ ಬಟ್ಟಲಿನ ಎದುರಿಗೇ ಎಲ್ಲ ಮುಗಿಯುತ್ತದೆ. ನಾಳೆಯಿಂದ ಅವನು ಬಿಯರಿನ ಪೆಟ್ಟಿಗೆ ಹೊರುವವನು, ಅಷ್ಟೇ. ಒಂದು ಕಾಲದಲ್ಲಿ ಬಾಕ್ಸರಾಗಿದ್ದನಂತೆ, ಹೌದಾ, ಎನ್ನುವ ಇಬ್ಬರು ಗಿರಾಕಿಗಳ ಮಾತು, ಅಷ್ಟೇ. ಅವನು ತಲೆ ಎತ್ತಿ ದೊಬಾಶಿಯನ್ನು ನೋಡಿದ. ಅವರ ಮುಖದಲ್ಲಿ ಅವನು ಎಂದೂ ಕಾಣದ ಒಂದು ಅಂಜಿಕೆಯಿತ್ತು. ಅವರು ಕೇಳಿದ್ದರು ನಿಜ, ಆದರೆ ಉತ್ತರ ಬರಬಾರದೆಂದು ಮೇಜಿನ ಅಂಚನ್ನು ಹಿಡಿದುಕೊಂಡಿದ್ದರು. ಅವರ ಕಣ್ಣೆದುರು ಆ ಮೊಳೆ ಇತ್ತೆಂದು ಇವಾಸೆಗೆ ಅರ್ಥವಾಯಿತು, ಅರ್ಥವಾಗಿ ಒಂದು ಥರ ನಿರಾಳವೂ ಆಯಿತು, ಆ ನಿರಾಳಕ್ಕೆ ನಾಚಿಕೆಯೂ ಆಯಿತು.

“ಏನಿಲ್ಲ, ಗುರುಗಳೇ.”

“ಹಾಗಾದ್ರೆ ಗಂಜಿ ಕುಡಿ. ಆರಿಹೋಗುತ್ತೆ.”

ಸಂಜೆ ಸಭಾಂಗಣ ಅರ್ಧ ತುಂಬಿತ್ತು. ಮೂಲೆಯ ಸ್ಟೂಲಿನ ಮೇಲೆ ಕೂತಾಗ ಇವಾಸೆ ಕಿನುಯೊಳನ್ನು ಹುಡುಕಲಿಲ್ಲ, ಬಂದಿದ್ದಾಳೆಂದು ಮಾತ್ರ ಗೊತ್ತಿತ್ತು. ಗಂಟೆ ಹೊಡೆಯಿತು. ಮೊದಲ ರೌಂಡಿನಲ್ಲೇ ಹಿಗಾಕಿಯ ಬಲಗೈ ಎಡಗಡೆಯ ಕತ್ತಲೆಯಿಂದ ಬಂದು ದವಡೆಗೆ ಬಡಿಯಿತು. ಕೈ ಕಾಣಲೇ ಇಲ್ಲ, ನೋವು ಮಾತ್ರ ಬಂತು. ಮತ್ತೊಮ್ಮೆ ಬಂತು. ಮತ್ತೂ ಒಮ್ಮೆ. ಹುಡುಗ ಜಾಣ, ಒಮ್ಮೆ ಸಿಕ್ಕಿದ ದಾರಿಯನ್ನು ಬಿಡುವವನಲ್ಲ. ಇವಾಸೆ ಹಗ್ಗದ ಬಳಿ ಬಾಗಿ, ಮೈಗೆ ಮೈ ಕೊಟ್ಟು ಅಪ್ಪಿಕೊಂಡು, ಹೇಗೋ ಮೂರು ನಿಮಿಷ ಕಳೆದ. ಸ್ಟೂಲಿನಲ್ಲಿ ಕೂತಾಗ ದೊಬಾಶಿ ಅವನ ಮುಖ ಒರೆಸಿದರು, ಮೂಗಿಗೆ ಮುಲಾಮು ಹಚ್ಚಿದರು, ಒಂದು ಮಾತೂ ಆಡಲಿಲ್ಲ. ರಿಂಗಿನೊಳಗೆ ಹೋದ ಮೇಲೆ ನೀನುಂಟು ನಿನ್ನ ಕೈಯುಂಟು, ಹೊರಗಿನಿಂದ ಕೂಗುವವನು ಗುರುವಲ್ಲ, ಹರಾಜು ಹಾಕುವವನು, ಎಂದು ಹೇಳುತ್ತ ಬಂದವರು ಅವರು. ಹನ್ನೊಂದು ವರ್ಷದಲ್ಲಿ ಒಂದು ಪಂದ್ಯದಲ್ಲೂ ಬಾಯಿ ತೆರೆದವರಲ್ಲ.

ಎರಡನೆಯ ರೌಂಡಿನಲ್ಲಿ ಆ ಬಾಯಿ ತೆರೆಯಿತು. “ಎಡ!” ಎಂದಿತು. ಇವಾಸೆಯ ಕೈ ತಾನಾಗಿಯೇ ಕೆನ್ನೆಯ ಬಳಿಗೆ ಎದ್ದಿತು, ಕಾಣದ ಹೊಡೆತವೊಂದು ಅದಕ್ಕೆ ಬಡಿದು ಸಿಡಿಯಿತು. “ಎಡ!” ಮತ್ತೆ ಎದ್ದಿತು, ಮತ್ತೆ ಸಿಡಿಯಿತು. ಸಭಾಂಗಣ ಗಲಾಟೆಯ ಗೂಡಾಗಿತ್ತು, ಹಿಗಾಕಿಯ ಕಡೆಯವರು ಡೋಲು ಬಡಿಯುತ್ತಿದ್ದರು. ಆದರೆ ಆ ದನಿ ಅವನಿಗೆ ಬೇರೆಯಾಗಿಯೇ ಕೇಳುತ್ತಿತ್ತು. ಗರಡಿಯ ನೆತ್ತಿಯ ಮೇಲೆ ರೈಲು ಹೋಗುವಾಗ ಗೋಡೆಯ ಕನ್ನಡಿ ನಡುಗುತ್ತದೆ, ಗಂಟೆಯೇ ಕೇಳುವುದಿಲ್ಲ; ಆ ಗದ್ದಲದ ಅಡಿಯಲ್ಲಿ ದೊಬಾಶಿಯ ಕೆಮ್ಮು ಬೆರೆತ ದನಿಯನ್ನು, ಅಕ್ಕಿಯಿಂದ ಕಲ್ಲು ಆರಿಸುವ ಹಾಗೆ ಆರಿಸಿಕೊಂಡೇ ಅವನು ಈ ವಿದ್ಯೆ ಕಲಿತದ್ದು. ರೈಲು ಬಂದರೆ ಉಳಿದ ಹುಡುಗರು ನಿಂತುಬಿಡುತ್ತಿದ್ದರು. ನಿಲ್ಲದೆ ಹೊಡೆಯುತ್ತಿದ್ದವನು ಅವನೊಬ್ಬನೇ. ನಿನಗೆ ಕಿವಿ ಇದೆ ಕಣೋ, ಎಂದು ದೊಬಾಶಿ ಹೊಗಳಿದ್ದು ಒಂದೇ ಸಲ, ಅದನ್ನು ಅವನು ಕಿನುಯೊಳಿಗೆ ಎಷ್ಟು ಸಲ ಹೇಳಿದ್ದನೋ. ಹಾಗಾದರೆ ಇವರಿಗೆ ಗೊತ್ತು. ಬೆಳಿಗ್ಗೆಯಿಂದ ಗೊತ್ತು. ಗೊತ್ತಿದ್ದೂ ಕರೆತಂದಿದ್ದಾರೆ, ಕರೆತಂದು ಈಗ ತಾವೇ ಅವನ ಕಣ್ಣಾಗಿ ಹಗ್ಗದ ಹೊರಗೆ ನಿಂತಿದ್ದಾರೆ. ಸುಳ್ಳು ಈಗ ಅವರದೂ ಆಯಿತು. ರಿಂಗಿನೊಳಗೆ ಒಬ್ಬನೇ ಹೊತ್ತು ಬೆನ್ನು ಬಗ್ಗಿದ್ದ ಭಾರಕ್ಕೆ ಇನ್ನೊಂದು ಹೆಗಲು ಸಿಕ್ಕಿತ್ತು, ಇವಾಸೆಯ ಕಾಲು ಹಗುರಾಯಿತು, ನೋವಿನ ನಡುವೆಯೂ ಅವನಿಗೆ ಸುಖವೆನಿಸಿತು.

“ಯಾವಾಗ್ನಿಂದ?” ಎಂದರು ದೊಬಾಶಿ ಮುಂದಿನ ಬಿಡುವಿನಲ್ಲಿ, ತುಟಿ ಅಲ್ಲಾಡಿಸದೆ.

“ಬೇಸಿಗೆಯಿಂದ.”

“ಹಾಳಾದವನೇ.” ಅವರು ಅವನ ಹಲ್ಲಿನ ಕವಚವನ್ನು ತೊಳೆದು ಬಾಯಿಗಿಟ್ಟರು. “ನಾನು ಅಂದ ಕೂಡ್ಲೇ ಕೈ ಎತ್ತು. ಸುಮ್ನಿದ್ರೆ ಆ ಕಡೆ ಏನೂ ಇಲ್ಲ ಅಂತ ತಿಳ್ಕೊ. ಧೈರ್ಯವಾಗಿ ಹೊಡಿ.”

ಅಲ್ಲಿಂದ ನಾಲ್ಕು ರೌಂಡು ಇಬ್ಬರೂ ಸೇರಿ ಒಬ್ಬನಾಗಿ ಕಾದರು. ದನಿ ಬಂದಾಗ ಕೈ ಎದ್ದಿತು, ದನಿ ಇಲ್ಲದಾಗ ಕೈ ಹೊಡೆಯಿತು. ಹಿಗಾಕಿಯ ಮೂಗಿನಿಂದ ರಕ್ತ ಬಂತು, ಡೋಲು ತಗ್ಗಿತು, ಇವಾಸೆಯ ಪೇಟೆಯವರು, ಮದ್ಯದಂಗಡಿಯ ಯಜಮಾನ, ತೋಫುವಿನ ಹೆಂಗಸು ಮೊದಲ ಸಲ ಅವನ ಹೆಸರು ಕೂಗಿದರು. ಆರನೆಯ ರೌಂಡಿನ ಕೊನೆಯಲ್ಲಿ ಇಬ್ಬರೂ ಒಟ್ಟಿಗೆ ಹೊಡೆದರು. ದೊಬಾಶಿ ಕೂಗಿದ್ದರು, ಆದರೆ ಕೂಗಿಗಿಂತ ಹುಡುಗನ ಕೈ ಒಂದು ಕೂದಲೆಳೆ ಮುಂದಿತ್ತು. ಎಡಗಣ್ಣಿನಲ್ಲಿ ಬೆಳ್ಳಗೆ ಏನೋ ಮಿಂಚಿತು. ಆಮೇಲೆ ಪರದೆ, ಇಷ್ಟು ತಿಂಗಳು ಮೆಲ್ಲಮೆಲ್ಲಗೆ ಎಳೆದ ಪರದೆ, ಒಂದೇ ಏಟಿಗೆ ಪೂರ್ತಿ ಇಳಿಯಿತು. ನೋವಿರಲಿಲ್ಲ. ಯಾರೋ ಮನೆ ಬಾಗಿಲು ಮುಚ್ಚಿಕೊಂಡು ಹೋದಂತಾಯಿತು, ಅಷ್ಟೇ. ಗಂಟೆ ಹೊಡೆದಾಗ ಅವನು ಎಂದಿನ ನಗು ನಗುತ್ತ ಮೂಲೆಗೆ ನಡೆದ. ಕೂರುವ ಮುನ್ನ ಎಡಗೈಯಿಂದ ಸ್ಟೂಲನ್ನು ತಡವಿದ, ಒಮ್ಮೆ ಗಾಳಿಯನ್ನು, ಇನ್ನೊಮ್ಮೆ ಹಗ್ಗವನ್ನು ಮುಟ್ಟಿ, ಆಮೇಲೆ ಸ್ಟೂಲು ಸಿಕ್ಕಿತು. ದೊಬಾಶಿ ಅದನ್ನು ನೋಡಿದರು. ಅವರು ಆ ಒಂದು ನಿಮಿಷ ನೀರನ್ನೂ ಕೊಡದೆ, ಅಂಗಡಿಯ ಹೊಸ ಟವೆಲಿನಿಂದ ಅವನ ಮುಖವನ್ನು, ಒರೆಸುವುದೇನೂ ಇಲ್ಲದ ಮುಖವನ್ನು, ಮೆತ್ತಗೆ ಒರೆಸುತ್ತಲೇ ಇದ್ದರು.

ಏಳನೆಯ ರೌಂಡು. “ಎಡ!” ಎದ್ದಿತು. “ಎಡ!” ಎದ್ದಿತು. ಆ ದನಿ ಒಡೆದಿತ್ತು, ಅತ್ತ ಹಾಗಿತ್ತು. ಅವರು ಯಾಕೆ ಹೀಗೆ ಕೂಗುತ್ತಾರೆ, ಗೆಲ್ಲುತ್ತಿದ್ದೇವಲ್ಲ, ಎಂದು ಇವಾಸೆ ಯೋಚಿಸಿದ. ಹಿಗಾಕಿ ಸುತ್ತುತ್ತ ಸುತ್ತುತ್ತ ಅವನನ್ನು ಅವನ ಮೂಲೆಯ ಪಕ್ಕಕ್ಕೇ ತಂದಿದ್ದ, ದೊಬಾಶಿ ಈಗ ಅವನ ಎಡಕ್ಕೆ, ತೀರ ಹತ್ತಿರದಲ್ಲಿ, ಕತ್ತಲೆಯೊಳಗೆ ಇದ್ದರು. ಉಸಿರು ಕೂಡ ಕೇಳುವಷ್ಟು ಹತ್ತಿರ. ಆಮೇಲೆ ದನಿ ನಿಂತಿತು.

ದನಿ ಇಲ್ಲ. ಎಡಗಡೆ ಏನೂ ಇಲ್ಲ. ಹಿಗಾಕಿಯ ಕೈಗಳು ಇಳಿದವು, ಗಲ್ಲ ತೆರೆದುಕೊಂಡಿತು. ದಣಿದ, ಕೊನೆಗೂ ದಣಿದ, ಎಂದುಕೊಂಡ ಇವಾಸೆ. ರೈಲು ಹೋದ ಮೇಲೆ ಗರಡಿಯಲ್ಲಿ ಒಂದು ನಿಶ್ಶಬ್ದ ಬರುತ್ತದಲ್ಲ, ಅಂಥದು ಅವನ ಸುತ್ತ ಬಂತು. ಹಿಮ್ಮಡಿ ನೆಲವನ್ನು ಒತ್ತಿತು, ಸೊಂಟ ತಿರುಗಿತು, ಹೆಗಲು ಹಿಂದೆಯೇ ಬಂತು, ಬಲಗೈ ತನ್ನಷ್ಟಕ್ಕೆ ಹೊರಟು ಹೋಗಬೇಕಾದಲ್ಲಿಗೆ ಹೋಯಿತು. ಹನ್ನೊಂದು ವರ್ಷ ಕನಸಿನಲ್ಲಿ ಮಾತ್ರ ಹೊಡೆದಿದ್ದ ಹೊಡೆತ. ಹಿಗಾಕಿ ಮಡಿಸಿ ಇಟ್ಟ ಬಟ್ಟೆಯಂತೆ ಕುಸಿದ. ಇವಾಸೆ ಎರಡೂ ಕೈ ಎತ್ತಿದ. ಕಿನುಯೊ ಎಲ್ಲಿದ್ದಾಳೆಂದು ಈಗ ನೋಡಬಹುದು ಎನಿಸಿತು, ಬಲಗಣ್ಣಿನಿಂದ ಸಾಲು ಸಾಲಾಗಿ ಮುಖಗಳನ್ನು ಹುಡುಕಿದ. ಯಾವ ಮುಖವೂ ನಗುತ್ತಿರಲಿಲ್ಲ. ಡೋಲು ಇಲ್ಲ, ಕೂಗಿಲ್ಲ. ಮೇಲಿನ ಸಾಲಿನಿಂದ ಯಾರೋ ಒಬ್ಬ, ನಾಚಿಕೆಗೆಟ್ಟವನೇ, ಎಂದು ಬೈದ. ಎಡಗಡೆಯಿಂದ ಒಂದು ಕೈ ಹೆಗಲನ್ನು ಹಿಡಿಯಿತು, ಅವನು ಬೆಚ್ಚಿ ಮತ್ತೆ ಮುಷ್ಟಿ ಎತ್ತಿ ನಿಂತ. ಅದು ರೆಫರಿ. ಅವರು ಮಾತಾಡದೆ ಕೆಳಗೆ ಬೆರಳು ತೋರಿಸಿದರು. ಇವಾಸೆ ಕತ್ತನ್ನು ಪೂರ್ತಿ ತಿರುಗಿಸಿ ನೋಡಿದ. ಅವನ ಎಡಗಾಲಿನ ಪಕ್ಕದಲ್ಲಿ, ಇಷ್ಟು ಹೊತ್ತೂ ಅಲ್ಲೇ ಬಿದ್ದಿತ್ತು ಬಿಳಿ ಟವೆಲು, ಅದರ ಮೇಲೆ ನೀಲಿ ಅಕ್ಷರದಲ್ಲಿ ಅಂಗಡಿಯ ಹೆಸರು.

ಮೂಲೆಯವರು ಸೋಲೊಪ್ಪಿ ಟವೆಲು ಎಸೆದರೆ ಪಂದ್ಯ ಅಲ್ಲಿಗೆ ಮುಗಿಯಿತು. ಹಿಗಾಕಿ ಅದನ್ನು ಕಂಡು ಕೈ ಇಳಿಸಿದ್ದ. ಸಭಾಂಗಣವೆಲ್ಲ ಕಂಡಿತ್ತು. ಕಾಣದವನು ಅವನೊಬ್ಬನೇ, ಯಾಕೆ ಕಾಣಲಿಲ್ಲವೆಂದು ಈಗ ಡಾಕ್ಟರಿಂದ ಹಿಡಿದು ತೋಫುವಿನ ಹೆಂಗಸಿನವರೆಗೆ ಎಲ್ಲರೂ ತಿಳಿದುಕೊಳ್ಳುತ್ತಿದ್ದರು. ಇವಾಸೆ ಮಂಡಿಯೂರಿ ಹಿಗಾಕಿಯ ಎದುರು ಹಣೆ ನೆಲಕ್ಕೆ ಹಚ್ಚಿದ. ಹುಡುಗ ಕಣ್ಣು ಬಿಟ್ಟಿದ್ದ, ಯಾರೋ ಅವನ ತಲೆ ಎತ್ತಿ ಹಿಡಿದಿದ್ದರು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ದಾರಿ ತಪ್ಪಿದ ಗಲಿಬಿಲಿ ಮಾತ್ರ ಇತ್ತು.

“ಮುಗೀತು ಅಂದ್ಕೊಂಡಿದ್ದೆ, ಅಣ್ಣ,” ಎಂದ.

ಎಷ್ಟೋ ಹೊತ್ತಿನ ಮೇಲೆ ದೊಬಾಶಿ ರಿಂಗಿನೊಳಗೆ ಬಂದರು. ಅವರು ಮೊದಲು ಎಡಗಡೆ ನಿಂತರು, ಆಮೇಲೆ ನೆನಪಾಗಿ ಸುತ್ತಿ ಬಂದು ಬಲಗಡೆ ನಿಂತರು. ಮುಖ ಬೂದಿಯಾಗಿತ್ತು.

“ಟವೆಲ್ ಎಸೆದೆ,” ಎಂದರು. “ಕೂಗೋದು ಮರೆತೆ ಕಣೋ. ನಿಂಗೆ ಆ ಕಡೆ ಕಾಣಲ್ಲ ಅಂತ ಗೊತ್ತಿದ್ದವನು ಇಲ್ಲಿ ನಾನೊಬ್ನೇ. ಆ ಕಡೆಯಿಂದ್ಲೇ ಎಸೆದೆ.”

ಅವರ ಮೇಲೆ ಸಿಟ್ಟು ಬರಲೆಂದು ಇವಾಸೆ ಒಂದು ಕ್ಷಣ ಕಾದ, ಬರಲಿಲ್ಲ. ಹುಡುಗನನ್ನು ಎಬ್ಬಿಸಿ ಕೂರಿಸಿದರು, ಗೆದ್ದವನೆಂದು ಅವನ ಕೈ ಎತ್ತಿದರು, ಎತ್ತಿದ ಕೈ ಮತ್ತೆ ಮತ್ತೆ ಕೆಳಗೆ ಜಾರುತ್ತಿತ್ತು. ಸಂಸ್ಥೆಯ ಡಾಕ್ಟರು ಬಂದು ಇವಾಸೆಯ ಎಡಗಣ್ಣಿಗೆ ಸಣ್ಣ ದೀಪ ಹಿಡಿದರು, ಹಿಡಿದು ಆರಿಸಿದರು, ಬೆಳಗಿನ ತಮಾಷೆ ನೆನಪಾಯಿತೋ ಏನೋ, ಅವನ ಮುಖ ನೋಡದೆ ಹೊರಟುಹೋದರು. ಹಗ್ಗ ಸರಿಸಿ ಹೊರಗೆ ಬರುವಾಗ ಕೆಳಗೆ, ನಡುದಾರಿಯಲ್ಲಿ, ಕಿನುಯೊ ಅವನ ಹೊಸ ಬೂಟುಗಳನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಅವಳು ಅವನ ಬಲಗಣ್ಣಿಗೆ ಕಾಣುವ ಹಾಗೆ ನಿಂತಿದ್ದಳು. ಅಷ್ಟು ದೂರ ನಡೆದು ಹೋಗುವುದು ಅವನಿಗೆ ಈಗ ಬಹಳ ಕಷ್ಟವೆನಿಸಿತು.

“ಆ ಹೊಡೆತ ಸರಿಯಾಗಿತ್ತಾ, ಗುರುಗಳೇ?” ಎಂದು ಕೇಳಿದ ಇವಾಸೆ.

ಅವನ ಮೊಣಕೈ ಹಿಡಿದಿದ್ದ ದೊಬಾಶಿಯ ಬೆರಳುಗಳು ಬಿಗಿಯಾದವು.

“ಸರಿಯಾಗಿತ್ತು,” ಎಂದರು. “ಅಂಥದ್ದು ನೀನು ಹಿಂದೆ ಯಾವತ್ತೂ ಹೊಡ್ದಿರ್ಲಿಲ್ಲ.” ಆಮೇಲೆ, ಅವನ ಕಾಲು ಅಂಚಿಗೆ ಬಂದದ್ದನ್ನು ಕಂಡು, ಮೆಲ್ಲಗೆ ಹೇಳಿದರು: “ನೋಡ್ಕೊಂಡು. ಎಡಕ್ಕೆ ಮೆಟ್ಟಿಲಿದೆ.”

ಎಡ ಎಂಬುದು ಕಿವಿಗೆ ಬಿದ್ದದ್ದೇ ತಡ, ಇವಾಸೆಯ ಕೈ ತಾನಾಗಿ ಮೇಲೆದ್ದು ಕೆನ್ನೆಯ ಬಳಿ ನಿಂತಿತು.